ಬಯಲಿನಲ್ಲಿ ಆರು ಕುರ್ಚಿ

ಎಲ್ಲರಿಗೂ ನಮಸ್ಕಾರ.

ಸಾಂಕ್ರಾಮಿಕದ ದಿನಗಳಲ್ಲಿ ಬಯಲಿನಲ್ಲಿ ಸಣ್ಣದೊಂದು ವೈನ್ ಕೂಟ ನಡೆಸುವುದು ಹೇಗೆ ಅನ್ನುವುದು ಇವತ್ತು ನನಗೆ ಕೊಟ್ಟಿರುವ ವಿಷಯ. ಇದರ ಬಗ್ಗೆ ಮಾತಾಡಲು ನನಗಿರುವ ಅರ್ಹತೆ ಒಂದೇ: ಅಂಥದೊಂದು ಕೂಟವನ್ನು ನಾನು ಕೆಡಿಸಿದ್ದೇನೆ. ಅಲ್ಲಿಂದಲೇ ಶುರುಮಾಡುತ್ತೇನೆ.

2020ರ ಕೊನೆಯ ತಿಂಗಳುಗಳ ಒಂದು ಸಂಜೆ. ನನ್ನನ್ನೂ ಸೇರಿಸಿ ಆರು ಜನ. ಕುರ್ಚಿಯಿಂದ ಕುರ್ಚಿಗೆ ಎರಡು ಮೀಟರ್ ದೂರವನ್ನು ಟೇಪು ಹಿಡಿದು ಅಳೆದಿದ್ದೆ. ಬಾಟಲಿಗಳನ್ನು ಸೋಪು ಹಾಕಿ ತೊಳೆದಿದ್ದೆ. ಮೇಜಿನ ಮೇಲೆ ಸ್ಯಾನಿಟೈಸರ್ ಇತ್ತು. ಬಂದವರೆಲ್ಲ ನನ್ನ ಶಿಸ್ತನ್ನು ಹೊಗಳಿದರು, ನಾನೂ ಉಬ್ಬಿದೆ. ಎರಡನೇ ಬಾಟಲಿ ತಳ ಮುಟ್ಟುವ ಹೊತ್ತಿಗೆ ಮಳೆಯ ನಾಲ್ಕು ಹನಿ ಬಿತ್ತು. ಒಳಗೆ ಹೋಗೋಣ ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಯಾರೂ ಹೇಳಲಿಲ್ಲ. ಗ್ಲಾಸು ಕೈಯಲ್ಲಿ ಹಿಡಿದುಕೊಂಡು ಎಲ್ಲರೂ ಎದ್ದೆವು, ಮಾತಾಡುತ್ತಾ ಒಳಗೆ ಬಂದೆವು. ಎರಚಲು ಹೊಡೆಯುತ್ತದೆಂದು ಕಿಟಕಿ ಹಾಕಿದವನು ನಾನೇ. ಮಳೆ ನಿಲ್ಲುವ ತನಕ ನಲವತ್ತು ನಿಮಿಷ ಆ ಕೋಣೆಯಲ್ಲಿದ್ದೆವು. ನಾಲ್ಕು ದಿನ ಕಳೆದ ಮೇಲೆ ಫೋನುಗಳು ಬರಲು ಶುರುವಾದವು. ಮೂರು ಜನಕ್ಕೆ ಪಾಸಿಟಿವ್. ಪುಣ್ಯಕ್ಕೆ ಎಲ್ಲರೂ ಚೇತರಿಸಿಕೊಂಡರು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಗಾದೆ ಇದೆಯಲ್ಲ, ನಾನು ಅದಕ್ಕಿಂತ ಒಂದು ಕೈ ಮೇಲೆ. ಕಳ್ಳನನ್ನು ಒಳಗೆ ಕೂರಿಸಿಕೊಂಡು ಬಾಗಿಲು ಹಾಕಿದವನು.

ಆಮೇಲೆ ಬಹಳ ದಿನ ಯೋಚನೆ ಮಾಡಿದೆ. ನಮ್ಮಲ್ಲಿ ಯಾರೂ ದಡ್ಡರಲ್ಲ, ನಿಯಮ ಗೊತ್ತಿಲ್ಲದವರೂ ಅಲ್ಲ. ಆದರೆ ವೈನ್ ಇರುವುದೇ ಜನರ ನಡುವಿನ ದೂರ ಕರಗಿಸಲಿಕ್ಕೆ. ಮೊದಲ ಗ್ಲಾಸಿಗೆ ಬೆನ್ನು ಸಡಿಲಾಗುತ್ತದೆ, ಎರಡನೆಯದಕ್ಕೆ ಕುರ್ಚಿ ಒಂದು ಗೇಣು ಮುಂದೆ ಸರಿಯುತ್ತದೆ, ಮೂರನೆಯದಕ್ಕೆ ಪಕ್ಕದವನ ಹೆಗಲ ಮೇಲೆ ಕೈ. ಅತಿಥಿಗಳ ಎಚ್ಚರವನ್ನೇ ನಂಬಿಕೊಂಡು ಕೂಟ ಮಾಡಿದರೆ, ಆ ಎಚ್ಚರವನ್ನು ಕರಗಿಸುವ ಪದಾರ್ಥವನ್ನೂ ಬಡಿಸುತ್ತಿರುವವರು ನಾವೇ. ಹಾಗಾಗಿ ತೀರ್ಮಾನಗಳೆಲ್ಲ ಮೊದಲ ಬಿರಡೆ ತೆಗೆಯುವ ಮುಂಚೆಯೇ ಮುಗಿದಿರಬೇಕು. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಪ್ರಾಚೀನ ಗ್ರೀಕರಿಗೆ ಇದು ಗೊತ್ತಿತ್ತು. ಅವರ ಕೂಟಕ್ಕೆ ಒಬ್ಬ ಯಜಮಾನನನ್ನು ಆರಿಸುತ್ತಿದ್ದರು. ವೈನಿಗೆ ಎಷ್ಟು ನೀರು ಬೆರೆಸಬೇಕು, ಎಷ್ಟು ಸುತ್ತು ಬಡಿಸಬೇಕು ಎಂದು ನಿಶ್ಚಯಿಸುವುದು ಅವನ ಕೆಲಸ. ಕೂಡಿ ಕುಡಿಯುವುದು ಅನ್ನುವ ಅರ್ಥದ ಆ ಕೂಟದ ಹೆಸರು ಸಿಂಪೋಸಿಯಂ. ಇವತ್ತು ವಿಚಾರ ಸಂಕಿರಣಗಳಿಗೆ ಅದೇ ಹೆಸರಿಟ್ಟುಕೊಂಡು ನೀರು ಮಾತ್ರ ಕೊಡುತ್ತಾರೆ, ಇಲ್ಲಿ ನನ್ನ ಮುಂದೆ ಇಟ್ಟಿರುವ ಹಾಗೆ.

ಸರಿ, ಗಾಳಿಯ ವಿಷಯಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು 2020ರ ಮಾರ್ಚ್ 11ರಂದು. ಅದರ ಹಿಂದಿನ ಸಂಜೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಒಂದು ಗಾಯಕವೃಂದ ಎರಡೂವರೆ ಗಂಟೆ ಅಭ್ಯಾಸ ನಡೆಸಿತು. ಬಂದಿದ್ದವರು 61 ಜನ. ಮೊದಲೇ ಸೋಂಕಿದ್ದ ಒಬ್ಬರನ್ನೂ ಲೆಕ್ಕಕ್ಕೆ ಹಿಡಿದರೆ ಕಾಯಿಲೆ ಖಚಿತವಾದವರು, ಬಂದಿರುವ ಸಾಧ್ಯತೆ ಹೆಚ್ಚೆಂದು ಎಣಿಸಿದವರು ಸೇರಿ ಒಟ್ಟು 53. ಇಬ್ಬರು ತೀರಿಕೊಂಡರು. ಎಲ್ಲರೂ ಎಲ್ಲರ ಕೈ ಹಿಡಿದುಕೊಂಡಿರಲಿಲ್ಲ. ಎಲ್ಲರೂ ಒಂದೇ ಕೋಣೆಯ ಗಾಳಿಯಲ್ಲಿ ಹಾಡಿದರು, ಅಷ್ಟೇ.

ಮಾತಾಡುವಾಗ ನಮ್ಮ ಬಾಯಿಂದ ಸೂಕ್ಷ್ಮ ಕಣಗಳು ಹೊರಡುತ್ತವೆ. ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ. ಸಣ್ಣವು ಬೀಳದೆ ತೇಲುತ್ತವೆ, ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ. ದನಿ ಏರಿದಷ್ಟೂ ಕಣಗಳು ಹೆಚ್ಚು. ಈಗ ವೈನ್ ಕೂಟವನ್ನು ನೆನೆಸಿಕೊಳ್ಳಿ. ಎರಡನೇ ಗ್ಲಾಸಾದ ಮೇಲೆ ಪಿಸುಮಾತಾಡಿದವರನ್ನು ನೀವು ಕಂಡಿದ್ದೀರಾ? ಹಿನ್ನೆಲೆಯಲ್ಲಿ ಸಂಗೀತ ಹಾಕಬೇಡಿ ಅಂತ ನಾನು ಹೇಳಿದರೆ ರಸಿಕತೆ ಇಲ್ಲದವನು ಅನ್ನುತ್ತಾರೆ. ಆದರೆ ಸಂಗೀತ ಇದ್ದರೆ ಅದರ ಮೇಲೆ ಕೂಗಿ ಮಾತಾಡುತ್ತೇವೆ, ಕೇಳಿಸದಿದ್ದರೆ ಹತ್ತಿರ ಬಗ್ಗುತ್ತೇವೆ. ಎರಡೂ ನಮಗೆ ಬೇಡವಾದದ್ದೇ.

ಬಯಲಿನಲ್ಲಿ ಈ ಕಣಗಳು ಬಹುಬೇಗ ಚದುರಿಹೋಗುತ್ತವೆ. ಬಿಸಿಲು ವೈರಸ್ಸನ್ನು ಬೇಗ ನಿಷ್ಕ್ರಿಯಗೊಳಿಸುತ್ತದೆ ಕೂಡ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಪಾಲು, ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಹಾಗಾಗಿ ಅದು ಏರಿದಷ್ಟೂ ಬಿಟ್ಟ ಉಸಿರು ಅಲ್ಲೇ ನಿಂತಿದೆ ಎಂದರ್ಥ. ಅದನ್ನು ಅಳೆಯುವ, ಅಂಗೈಯಷ್ಟಿರುವ ಮಾಪಕವೊಂದನ್ನು ಮೇಜಿನ ಮೇಲಿಟ್ಟರೆ, ನೀವು ಕೂತ ಜಾಗ ನಿಜಕ್ಕೂ ಬಯಲೋ ಅಲ್ಲವೋ ಎಂದು ಅದೇ ಹೇಳುತ್ತದೆ. 420ರ ಆಸುಪಾಸಿನಲ್ಲಿದ್ದರೆ ಬಯಲು. ಸಾವಿರದ ಕಡೆಗೆ ಹತ್ತುತ್ತಿದ್ದರೆ, ತಲೆಯ ಮೇಲೆ ನಕ್ಷತ್ರದ ಚಿತ್ರ ಬಿಡಿಸಿದ್ದರೂ ಅದು ಕೋಣೆಯೇ. ಇದನ್ನು ಯಾಕೆ ಹೇಳಿದೆ ಎಂದರೆ, ನಾಲ್ಕೂ ಕಡೆ ಪರದೆ ಇಳಿಬಿಟ್ಟ ಶಾಮಿಯಾನವನ್ನು ಜನ ಬಯಲು ಅಂದುಕೊಳ್ಳುತ್ತಾರೆ. ಮೇಲೆ ಹೊದಿಕೆ ಬೇಕಾದರೆ ಇರಲಿ, ಪಕ್ಕಗಳು ತೆರೆದಿರಬೇಕು. ಮಾಪಕ ಇಲ್ಲದವರಿಗೆ ಇನ್ನೊಂದು ಉಪಾಯವಿದೆ. ಎದುರಿನ ಕುರ್ಚಿಯಲ್ಲಿ ಕೂತವರು ಸಿಗರೇಟು ಸೇದುತ್ತಿದ್ದಾರೆ ಎಂದು ಊಹಿಸಿಕೊಳ್ಳಿ. ಆ ಹೊಗೆ ಎತ್ತ ಹೋಗುತ್ತದೆ? ನಿಮ್ಮ ಮುಖಕ್ಕೆ ಬರುವ ಹಾಗಿದ್ದರೆ ಕುರ್ಚಿ ತಿರುಗಿಸಿ. ಗಾಳಿಗೆ ಅಡ್ಡವಾಗಿ ಸಾಲು ಹಾಕಿದರೆ ಒಬ್ಬರ ಉಸಿರು ಇನ್ನೊಬ್ಬರ ಮೇಲೆ ಹಾಯುವುದಿಲ್ಲ.

ಎಷ್ಟು ಜನ? ಇದಕ್ಕೆ ಶಾಲೆಯ ಲೆಕ್ಕ ಸಾಕು. ಆರು ಜನ ಸೇರಿದರೆ ಇಬ್ಬಿಬ್ಬರ ಜೋಡಿಗಳು 15. ಹನ್ನೆರಡು ಜನ ಸೇರಿದರೆ 66. ಜನ ಇಮ್ಮಡಿ, ಭೇಟಿಗಳು ನಾಲ್ಕು ಪಟ್ಟಿಗಿಂತ ಹೆಚ್ಚು. ಮೂರು ಮನೆಯವರು, ಮನೆಗೆ ಇಬ್ಬರಂತೆ ಆರು ಜನ ಎಂದು ನಾನು ಗೆರೆ ಹಾಕಿಕೊಂಡಿದ್ದೇನೆ. ಒಂದೇ ಮನೆಯವರು ಅಕ್ಕಪಕ್ಕ ಕೂರಲಿ, ಮನೆ ಮನೆಗಳ ನಡುವೆ ಎರಡು ಮೀಟರ್. ಕುರ್ಚಿ ಭಾರವಿದ್ದಷ್ಟೂ ಒಳ್ಳೆಯದು. ತಮಾಷೆಯಲ್ಲ, ಪ್ಲಾಸ್ಟಿಕ್ ಕುರ್ಚಿ ತಾನಾಗಿಯೇ ನಡೆಯುತ್ತದೆ. ನಡುವೆ ಒಂದೇ ದೊಡ್ಡ ಮೇಜಿನ ಬದಲು ಮನೆಗೊಂದು ಸಣ್ಣ ಮೇಜಿಟ್ಟರೆ, ಕೈ ಚಾಚಲು ನಡುವೆ ಏನೂ ಇರುವುದಿಲ್ಲ.

ಇನ್ನು ಬಾಟಲಿ. ಮೊದಲ ವರ್ಷ ನಾವೆಲ್ಲ ಹಾಲಿನ ಪೊಟ್ಟಣದಿಂದ ಹಿಡಿದು ಚಿಲಕದವರೆಗೆ ಎಲ್ಲವನ್ನೂ ಒರೆಸಿದೆವು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟುವುದರಿಂದ ಕೋವಿಡ್ ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದಿತು. ಕೈ ತೊಳೆಯುವುದು ಬೇಕೇ ಬೇಕು. ಆದರೆ ಬಾಟಲಿ ಉಜ್ಜುವುದರಲ್ಲಿ ಕಳೆದ ಅರ್ಧ ಗಂಟೆಯನ್ನು ನಾನು ಹವಾಮಾನ ವರದಿ ನೋಡಲು ಬಳಸಿದ್ದರೆ ಇವತ್ತು ಈ ವೇದಿಕೆಯ ಮೇಲೆ ಇರುತ್ತಿರಲಿಲ್ಲ. ಬಾಟಲಿ ತೆರೆಯುವುದು, ಸುರಿಯುವುದು ಒಬ್ಬರೇ, ಮಾಸ್ಕ್ ಹಾಕಿಕೊಂಡು. ಅತಿಥಿಗಳು ಗ್ಲಾಸನ್ನು ಮೇಜಿನ ಅಂಚಿಗಿಟ್ಟು ಹಿಂದೆ ಒರಗಲಿ, ಸುರಿದವರು ದೂರ ಸರಿಯಲಿ. ಇನ್ನೂ ಸುಲಭ ಬೇಕಾದರೆ ಸಣ್ಣ ಬಾಟಲಿಗಳಿವೆ: ಅರ್ಧದ್ದು 375 ಮಿಲಿ, ಕಾಲು ಭಾಗದ್ದು 187. ಮನೆಗೊಂದು ಅರ್ಧ ಬಾಟಲಿ ಕೊಟ್ಟುಬಿಟ್ಟರೆ ಸುರಿಯುವ ಗೊಡವೆಯೇ ಇಲ್ಲ.

ಮದ್ಯಸಾರವೇ ವೈರಸ್ಸನ್ನು ಕೊಲ್ಲುತ್ತದಲ್ಲ ಎಂದು ಯಾವ ಸಭೆಯಲ್ಲೂ ಒಬ್ಬರು ಕೇಳುತ್ತಾರೆ. ಸ್ಯಾನಿಟೈಸರ್‌ನಲ್ಲಿ ಕನಿಷ್ಠ ಶೇ. 60 ಆಲ್ಕೋಹಾಲ್ ಇರಬೇಕು. ವೈನಿನಲ್ಲಿ ಇರುವುದು ಸಾಮಾನ್ಯವಾಗಿ ಶೇ. 11ರಿಂದ 14. ಗಂಟಲು ಶುದ್ಧಿಯಾಗುವುದಿಲ್ಲ. 2020ರಲ್ಲಿ ಇರಾನಿನಲ್ಲಿ ಇದೇ ನಂಬಿಕೆಯಿಂದ ಮೆಥನಾಲ್ ಬೆರೆತ ಕಳ್ಳ ಮದ್ಯ ಕುಡಿದು ನೂರಾರು ಜನ ಸತ್ತರು. ಈ ಪ್ರಶ್ನೆಗೆ ನಾನು ನಗದೆ ಉತ್ತರಿಸುವುದು ಅದಕ್ಕೇ.

ಎಷ್ಟು ಸುರಿಯಬೇಕು ಅನ್ನುವುದು ಸುರಕ್ಷತೆಯ ಪ್ರಶ್ನೆಯೂ ಹೌದು. 750 ಮಿಲಿ ಬಾಟಲಿಯಿಂದ 150 ಮಿಲಿಯ ಐದು ಗ್ಲಾಸು. ರುಚಿ ನೋಡುವ ಕೂಟಕ್ಕೆ ಅಷ್ಟು ಬೇಡ, 50 ಮಿಲಿ ಧಾರಾಳ. ಆರು ಜನಕ್ಕೆ ಮೂರು ಬಗೆಯ ವೈನ್, ತಲಾ 50ರಂತೆ ಸುರಿದರೆ ಒಬ್ಬೊಬ್ಬರು ಕುಡಿದದ್ದು ಒಂದೇ ಗ್ಲಾಸಿನಷ್ಟು. ಸಂಜೆ ಎರಡು ಗಂಟೆ ಹಿಡಿಯುತ್ತದೆ, ಬುದ್ಧಿ ನೆಟ್ಟಗಿರುತ್ತದೆ. ನುರಿತವರು ರುಚಿ ನೋಡಿ ಉಗುಳುತ್ತಾರೆ. ಆದರೆ ಎಲ್ಲರಿಗೂ ಒಂದೇ ಉಗುಳು ಪಾತ್ರೆ ಅನ್ನುವ ಪದ್ಧತಿಗೆ ಸಾಂಕ್ರಾಮಿಕದಲ್ಲಿ ಜಾಗವಿಲ್ಲ. ಎತ್ತರದಿಂದ ಉಗುಳಿದರೆ ಸಿಡಿಯುತ್ತದೆ, ಸಿಡಿಯದಂತೆ ಉಗುಳಲು ಎಲ್ಲರೂ ಅದರ ಮೇಲೆ ಬಗ್ಗಬೇಕು. ಒಬ್ಬೊಬ್ಬರಿಗೂ ಮುಚ್ಚಳವಿರುವ ಒಂದು ಲೋಟ ಕೊಡಿ, ಹೋಗುವಾಗ ಅವರವರೇ ಚೆಲ್ಲಲಿ.

ಹೊರಗಿನ ಬಿಸಿಗೆ ವೈನ್ ಬೇಗ ಸೊರಗುತ್ತದೆ ಎಂಬುದೂ ಜನರನ್ನು ಒಳಗೆಳೆಯುವ ಒಂದು ನೆಪ. ಮಂಜುಗಡ್ಡೆ ಮಾತ್ರ ತುಂಬಿದ ಬಕೆಟ್ಟಿಗಿಂತ ಮಂಜುಗಡ್ಡೆಗೆ ನೀರು ಬೆರೆಸಿದ ಬಕೆಟ್ಟು ಬಾಟಲಿಯನ್ನು ಬೇಗ ತಣಿಸುತ್ತದೆ, ನೀರು ಗಾಜಿಗೆ ಎಲ್ಲೆಡೆ ತಾಗುತ್ತದಲ್ಲ. ಕೆಂಪು ವೈನನ್ನೂ ಹತ್ತು ನಿಮಿಷ ಅದರಲ್ಲಿಡಿ, 16-18 ಡಿಗ್ರಿಗೆ ಬರುತ್ತದೆ. ಫ್ರಿಜ್ಜಿಗೆ ಓಡಾಡುವುದು ತಪ್ಪುತ್ತದೆ.

ಒಳಗೆ ಹೋಗಲೇಬೇಕಾದ ಕಾರಣ ಒಂದೇ, ಶೌಚಾಲಯ. ಒಮ್ಮೆಗೆ ಒಬ್ಬರು, ಮಾಸ್ಕ್ ಹಾಕಿಕೊಂಡು. ಕಿಟಕಿ ತೆರೆದಿರಲಿ, ಫ್ಯಾನ್ ಸಂಜೆಯಿಡೀ ಓಡುತ್ತಿರಲಿ.

ಮಳೆಗೆ ನನ್ನ ಉತ್ತರ ಈಗ ಆಮಂತ್ರಣದಲ್ಲೇ ಇರುತ್ತದೆ: "ಮಳೆ ಬಂದರೆ ಕೂಟ ಮುಗಿಯಿತು." ಮುಂದೂಡುತ್ತೇವೆ ಎಂದಲ್ಲ, ಸ್ವಲ್ಪ ಹೊತ್ತು ಕಾಯೋಣ ಎಂದೂ ಅಲ್ಲ, ಮುಗಿಯಿತು. ಮೊದಲು ಹೀಗೆ ಬರೆಯಲು ಸಂಕೋಚವಾಯಿತು. ಬಂದವರನ್ನು ಮಳೆಯಲ್ಲಿ ಕಳಿಸುವುದೇ? ಈಗ ನಾನು ಒಳಮನೆಯ ಬಾಗಿಲಿಗೆ ಅಡ್ಡಲಾಗಿ ಒಂದು ಕುರ್ಚಿಯಿಟ್ಟು, ಅದರ ಮೇಲೆ ಛತ್ರಿಗಳನ್ನು ಜೋಡಿಸಿರುತ್ತೇನೆ. ಒಳಗೆ ಹೋಗಲು ಬಂದವರ ಕೈಗೆ ಛತ್ರಿ ಸಿಗುತ್ತದೆ. ಮಾತಾಡುವ ಅಗತ್ಯವೇ ಬೀಳುವುದಿಲ್ಲ.

ಮನೆಗೆ ಹೋಗುವ ದಾರಿಯನ್ನು ಎಲ್ಲರೂ ಮರೆಯುತ್ತಾರೆ. ಎರಡು ಗಂಟೆ ಬಯಲಿನಲ್ಲಿ ದೂರ ದೂರ ಕೂತವರು ಕೊನೆಗೆ ಒಂದೇ ಕಾರಿನಲ್ಲಿ ತುಂಬಿಕೊಂಡು, ಗಾಜು ಏರಿಸಿಕೊಂಡು ಹೊರಡುತ್ತಾರೆ. ಇಡೀ ಸಂಜೆಯ ಅತಿ ಇಕ್ಕಟ್ಟಾದ ಕೋಣೆ ಅದೇ. ಕುಡಿದವರು ಓಡಿಸಬಾರದು, ಆದ್ದರಿಂದ ಕಾರು ಹಂಚಿಕೊಳ್ಳುತ್ತಾರೆ. ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದು. ಮನೆಗೊಬ್ಬರು ಕುಡಿಯದೆ ಇರುವುದು, ಇಲ್ಲವೇ ಕಿಟಕಿ ಇಳಿಸಿ ಮಾಸ್ಕ್ ಹಾಕಿಕೊಂಡು ಹೋಗುವುದು. ಇದೂ ಕರೆಯುವಾಗಲೇ ಇತ್ಯರ್ಥವಾಗಬೇಕು.

ಬರುವ ದಿನ ಬೆಳಿಗ್ಗೆ ಮನೆಯಲ್ಲೇ ಮಾಡಿಕೊಳ್ಳುವ ಆ್ಯಂಟಿಜೆನ್ ಪರೀಕ್ಷೆ ಒಳ್ಳೆಯದು. ಆದರೆ ನೆಗೆಟಿವ್ ಬಂತೆಂದು ಅಪ್ಪಿಕೊಳ್ಳಬೇಡಿ. ಲಕ್ಷಣ ಕಾಣಿಸುವುದಕ್ಕೆ ಎರಡು ದಿನ ಮುಂಚಿನಿಂದಲೇ ಸೋಂಕು ಹರಡಬಲ್ಲದು, ಪರೀಕ್ಷೆ ಅದನ್ನು ಹಿಡಿಯದೆಯೂ ಹೋಗಬಹುದು. ವಯಸ್ಸಾದವರು, ಬೇರೆ ಕಾಯಿಲೆ ಇರುವವರು ಬರಲೇಬೇಕೆಂದು ಒತ್ತಾಯ ಮಾಡಬೇಡಿ. ಬರುವುದಿಲ್ಲ ಎಂದವರಿಗೆ ಕಾರಣ ಕೇಳದಿರುವುದೂ ಆತಿಥ್ಯವೇ.

ಕೊನೆಯದಾಗಿ ಒಂದು ಮಾತು. ನನ್ನ ಆ ಸಂಜೆಯ ಕಥೆಯಲ್ಲಿ ಒಂದು ಭಾಗ ಬಿಟ್ಟಿದ್ದೆ. ಮಳೆ ಬರುವುದಕ್ಕೂ ಮುಂಚೆ ಗೆಳೆಯರೊಬ್ಬರು ಗ್ಲಾಸಿನಿಂದ ಮೂಗು ತೆಗೆದು, "ಇದಕ್ಕೆ ವಾಸನೆಯೇ ಇಲ್ಲವಲ್ಲ ಮಾರಾಯರೇ" ಅಂದರು. ಕಾರ್ಕಿನ ದೋಷ ಇರಬೇಕು ಅಂದುಕೊಂಡೆವು. ಟಿಸಿಎ ಎಂಬ ರಾಸಾಯನಿಕ ಕಾರ್ಕಿನಿಂದ ಇಳಿದರೆ ವೈನಿನ ಘಮ ಸತ್ತುಹೋಗಿ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ. ನೋಡೋಣ ಕೊಡಿ ಎಂದು ಅವರ ಗ್ಲಾಸು ಇಸಿದುಕೊಂಡೆ. ಗ್ಲಾಸಿನೊಳಗೆ ಮೂಗು ಇಳಿಸಿ ಉಸಿರೆಳೆದೆ, ಅದರೊಳಕ್ಕೇ ಉಸಿರು ಬಿಟ್ಟೆ. ವೈನ್ ಮೂಸುವವರೆಲ್ಲ ಹಾಗೆಯೇ ಮಾಡುವುದು. ಒಳ್ಳೆಯ ಹಣ್ಣಿನ ಘಮವಿತ್ತು. ನನ್ನ ಪಕ್ಕದವರಿಗೆ ಕೊಟ್ಟೆ, ಅವರು ಇನ್ನೊಬ್ಬರಿಗೆ. ನಾಲ್ಕು ಮೂಗು ಆ ಒಂದು ಗ್ಲಾಸಿನೊಳಗೆ ಇಳಿದು ಎದ್ದವು. ವೈನಿನಲ್ಲಿ ಏನೂ ದೋಷವಿಲ್ಲ ಎಂದು ಎಲ್ಲರೂ ಒಪ್ಪಿದೆವು, ಇವತ್ತು ನಿಮ್ಮ ಮೂಗು ರಜೆಯಲ್ಲಿದೆ ಎಂದು ಅವರನ್ನು ನಗಿಸಿದೆವು. ವಾಸನೆ ಹೋಗುವುದು ಕೋವಿಡ್ಡಿನ ಲಕ್ಷಣ ಎಂದು ಆ ಹೊತ್ತಿಗೆ ಪತ್ರಿಕೆಗಳಲ್ಲಿ ಬಂದು ತಿಂಗಳುಗಳೇ ಆಗಿದ್ದವು. ನಾನೂ ಓದಿದ್ದೆ. ನಾಲ್ಕನೇ ದಿನ ಮೊದಲ ಫೋನು ಬಂದದ್ದು ಅವರಿಂದಲೇ, "ಕಾಫಿಗೂ ವಾಸನೆ ಇಲ್ಲ" ಎಂದರು.

ಪ್ರಶ್ನೆಗಳಿದ್ದರೆ ಕೇಳಿ.