ಕೊನೆಯ ರೀಲಿನವರೆಗೆ ಕಾಯಿಸುವ ಕೌಬಾಯ್

ಕೇಳುಗರಿಗೆ ನಮಸ್ಕಾರ.

ಕೌಬಾಯ್ ಚಿತ್ರವೆಂದರೆ ಮೊದಲ ದೃಶ್ಯದಿಂದಲೇ ಗುಂಡಿನ ಸದ್ದು, ಗೊರಸಿನ ಸದ್ದು ಕಿವಿಗೆ ಬೀಳಬೇಕೆಂದು ನಾವು ನಿರೀಕ್ಷಿಸುತ್ತೇವೆ. ಆ ಸದ್ದನ್ನೆಲ್ಲ ಕೂಡಿಟ್ಟು, ಜಿಪುಣ ಗೃಹಸ್ಥನಂತೆ ಕೊನೆಯಲ್ಲಿ ಮಾತ್ರ ಖರ್ಚು ಮಾಡಿದ ಸರಣಿಯೊಂದು ಹಾಲಿವುಡ್‌ನಲ್ಲಿ ಬಂದಿತ್ತು. ವಿಲಿಯಂ ಬಾಯ್ಡ್ ನಾಯಕನಾಗಿದ್ದ, 1935ರಿಂದ 1948ರವರೆಗೆ 66 ಚಿತ್ರಗಳಾಗಿ ಬೆಳೆದ 'ಹಾಪಲಾಂಗ್ ಕ್ಯಾಸಿಡಿ' ಸರಣಿಯೇ ಅದು.

ಕ್ಲಾರೆನ್ಸ್ ಮಲ್ಫರ್ಡ್ ತಮ್ಮ ಕಥೆಗಳಲ್ಲಿ ಚಿತ್ರಿಸಿದ ಮೂಲ ಕ್ಯಾಸಿಡಿ ಒರಟು ಮಾತಿನ, ಕುಂಟುತ್ತ ನಡೆಯುವ ದನಗಾಹಿ. ನಿರ್ಮಾಪಕ ಹ್ಯಾರಿ ಶರ್ಮನ್ ಅವರ ಚಿತ್ರಗಳಲ್ಲಿ ಅವನು ಸಂಪೂರ್ಣ ಬದಲಾದ. ಮದ್ಯ ಮುಟ್ಟದ, ಮಾತಿನಲ್ಲಿ ಸಂಯಮವುಳ್ಳ, ಕಪ್ಪು ಉಡುಪು ತೊಟ್ಟು ಟಾಪರ್ ಎಂಬ ಬಿಳಿಯ ಕುದುರೆಯನ್ನೇರಿ ಬರುವ ಸಜ್ಜನನಾದ. ಖಳನಿಗೆ ಮೀಸಲೆನಿಸಿದ್ದ ಕಪ್ಪು ಟೋಪಿಯನ್ನು ನಾಯಕನ ತಲೆಗಿಟ್ಟದ್ದು ಬಣ್ಣವಿಲ್ಲದ ಪರದೆಗೆ ಬಹಳ ಒಪ್ಪಿತು, ಏಕೆಂದರೆ ಎಷ್ಟು ದೂರದಲ್ಲಿದ್ದರೂ ಸವಾರನ ಆಕೃತಿ ತಟ್ಟನೆ ಗುರುತಿಗೆ ಸಿಗುತ್ತಿತ್ತು.

ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಕಥೆ ಹೇಳುವ ಕ್ರಮ. ಸರಣಿಯ ಆರಂಭದ ಹಲವು ಚಿತ್ರಗಳಲ್ಲಿ ಬಹುಪಾಲು ಹೊತ್ತು ಹಿನ್ನೆಲೆ ಸಂಗೀತವೇ ಇರುವುದಿಲ್ಲ. ಜನರು ಮಾತನಾಡುತ್ತಾರೆ, ಸಂಶಯಪಡುತ್ತಾರೆ, ಜಾಡು ಹಿಡಿಯುತ್ತಾರೆ, ಎಲ್ಲವೂ ನಿಧಾನ. ಕೊನೆಗೆ ಸವಾರರ ತಂಡ ಕುದುರೆಗಳನ್ನು ನಾಗಾಲೋಟಕ್ಕೆ ಬಿಟ್ಟಾಗ ವಾದ್ಯವೃಂದ ಒಮ್ಮೆಲೇ ಭೋರ್ಗರೆಯುತ್ತದೆ, ಅಷ್ಟು ಹೊತ್ತಿನ ಮೌನವೇ ಆ ಓಟಕ್ಕೆ ಬಲವಾಗುತ್ತದೆ. ಸಂಗೀತವನ್ನು ಉಳಿಸಿದ್ದರಿಂದ ಹಣವೂ ಉಳಿದಿರಬಹುದು. ಆದರೂ ಇದನ್ನು ಬರಿಯ ಮಿತವ್ಯಯವೆಂದು ತಳ್ಳಿಹಾಕಲಾರೆ.

ಲೆಸ್ಲಿ ಸೆಲಾಂಡರ್ ನಿರ್ದೇಶನದ 'ತ್ರೀ ಮೆನ್ ಫ್ರಮ್ ಟೆಕ್ಸಾಸ್', 1940ರಲ್ಲಿ ತೆರೆಕಂಡ ಇದೇ ಸರಣಿಯ ಚಿತ್ರ. ಟೆಕ್ಸಾಸಿನ ಕಾವಲು ಪಡೆಯನ್ನು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋಗುವ ಕ್ಯಾಸಿಡಿಯ ಗೆಳೆಯ ಲಕ್ಕಿ, ಅಲ್ಲಿ ಸ್ಪ್ಯಾನಿಷ್ ಮೂಲದವರ ಭೂಮಿಯನ್ನು ಕಬಳಿಸುತ್ತಿರುವ ಗುಂಪು, ಅದನ್ನು ಎದುರಿಸಲು ಬರುವ ಕ್ಯಾಸಿಡಿ: ಕಥೆ ಇಷ್ಟೇ. ಕ್ಯಾಲಿಫೋರ್ನಿಯಾ ಕಾರ್ಲ್‌ಸನ್ ಎಂಬ ನಗೆಪಾತ್ರದಲ್ಲಿ ಆಂಡಿ ಕ್ಲೈಡ್ ಮೊದಲು ಕಾಣಿಸಿಕೊಂಡದ್ದು ಇದರಲ್ಲಿಯೇ. ಅವರ ಹಾಸ್ಯ ಕೆಲವೆಡೆ ಅತಿಯಾಗುತ್ತದೆಂಬುದನ್ನೂ ಹೇಳಲೇಬೇಕು. ಚಿತ್ರದ ಛಾಯಾಗ್ರಾಹಕ ರಸೆಲ್ ಹಾರ್ಲನ್ ಮುಂದೆ ನಿರ್ದೇಶಕ ಹೊವರ್ಡ್ ಹಾಕ್ಸ್ ಅವರ 'ರೆಡ್ ರಿವರ್', 'ರಿಯೋ ಬ್ರಾವೋ' ಚಿತ್ರಗಳಿಗೆ ದುಡಿದವರು. ಅವರ ಕೈ ಪಳಗಿದ್ದು ಈ ಅಗ್ಗದ ಚಿತ್ರಗಳಲ್ಲಿ. ಸರಣಿಯ ಅನೇಕ ಚಿತ್ರಗಳ ಹೊರಾಂಗಣ ಚಿತ್ರೀಕರಣ ಸಿಯೆರಾ ನೆವಾಡಾ ಪರ್ವತಗಳ ಬುಡದ ಲೋನ್ ಪೈನ್ ಊರಿನ ಸುತ್ತ ನಡೆಯಿತು. ಅಲ್ಲಿನ ಗುಂಡುಬಂಡೆಗಳ ಮೇಲೆ ಓರೆಯಾಗಿ ಬೀಳುವ ಬಿಸಿಲು ಹೊಂಚುಹಾಕಲು ಬೇಕಾದ ನೆರಳನ್ನು ತಾನಾಗಿಯೇ ಒದಗಿಸುತ್ತಿತ್ತು.

54 ಚಿತ್ರಗಳ ನಂತರ ಶರ್ಮನ್ ಹಿಂದೆ ಸರಿದಾಗ ಉಳಿದ 12 ಚಿತ್ರಗಳನ್ನು ಬಾಯ್ಡ್ ತಾವೇ ಮುಂದೆ ನಿಂತು ಮಾಡಿಸಿದರು. ಅಷ್ಟೇ ಅಲ್ಲದೆ, ಇದ್ದಬದ್ದ ಆಸ್ತಿಯನ್ನು ಪಣಕ್ಕಿಟ್ಟು ಹಳೆಯ ಚಿತ್ರಗಳ ಹಕ್ಕನ್ನೂ ಕೊಂಡರು. 1949ರಲ್ಲಿ ಎನ್‌ಬಿಸಿ ವಾಹಿನಿ ಅವುಗಳನ್ನು ಪ್ರಸಾರ ಮಾಡತೊಡಗಿದಾಗ, ಐವತ್ತು ದಾಟಿದ್ದ ಬಾಯ್ಡ್ ಅಮೆರಿಕದ ಮಕ್ಕಳ ಆರಾಧ್ಯ ನಾಯಕರಾದರು. ದೂರದರ್ಶನದ ವೇಳೆಗೆ ಹೊಂದಿಸಲು ಚಿತ್ರಗಳನ್ನು ಕತ್ತರಿಸಿದ ಪ್ರತಿಗಳು ಇಂದಿಗೂ ಚಲಾವಣೆಯಲ್ಲಿವೆ. ನೋಡಬಯಸುವವರು ಪೂರ್ಣ ಪ್ರತಿಯನ್ನೇ ಹುಡುಕಬೇಕು. ನಿಧಾನದ ಭಾಗಕ್ಕೆ ಕತ್ತರಿ ಬಿದ್ದರೆ ಕೊನೆಯ ಓಟದ ಸಂಗೀತ ಬರಿಯ ಗದ್ದಲವಾಗಿ ಕೇಳಿಸುತ್ತದೆ.