ಬರ್ತೀನಿ ಅಂದವನು ಹೋದ

ಕೇಳುಗರಿಗೆ ನಮಸ್ಕಾರ.

ನಾನು ಕೋಲಾರದವನು. ಮಾಲೂರು ಕಡೆ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ 22 ವರ್ಷ ಸ್ಟೋರ್ಸ್ ನೋಡಿಕೊಂಡವನು. ನಡುವೆ ಒಂದು ಸಲ ಕಾರ್ಖಾನೆಗೆ ಜಪಾನಿನ ಪಾಲುದಾರರು ಬಂದರು. ಅವರ ಕಡೆಯಿಂದ ಒಬ್ಬ ಇಂಜಿನಿಯರ್ ನಮ್ಮಲ್ಲೇ ಉಳಿದರು. ನಾವೆಲ್ಲ ಅವರನ್ನು 'ಸಾನ್' ಅಂತ ಕರೆಯುತ್ತಿದ್ದೆವು. ಅದು ಹೆಸರಲ್ಲ, ಹೆಸರಿನ ಹಿಂದೆ ಸೇರಿಸುವ ಮರ್ಯಾದೆಯ ಮಾತು ಅಂತ ಎಷ್ಟೋ ತಿಂಗಳ ಮೇಲೆ ಗೊತ್ತಾಯಿತು. ನಮ್ಮ ಕಡೆ ತೆಲುಗಿನಲ್ಲಿ ಯಾರನ್ನಾದರೂ ಬರೀ 'ಗಾರು, ಗಾರು' ಅಂತ ಕರೆದರೆ ಹೇಗಿರುತ್ತೆ? ಹಾಗೆ. ಪಾಪ, ಅವರು ಒಂದು ದಿನವೂ ತಿದ್ದಲಿಲ್ಲ.

ಅವರಿಗೆ ಕನ್ನಡ ಕಲಿಯುವ ಆಸೆ ಇತ್ತು. ಜೇಬಿನಲ್ಲಿ ಸದಾ ಒಂದು ಸಣ್ಣ ನೋಟ್‌ಬುಕ್. ಒಂದು ಸಂಜೆ ಶಿಫ್ಟ್ ಮುಗಿದಾಗ ನಮ್ಮ ಫಿಟ್ಟರ್ ಅವರ ಟೇಬಲ್ ಹತ್ತಿರ ಹೋಗಿ, "ಬರ್ತೀನಿ ಸಾರ್" ಅಂದ. ಇವರು ನೋಟ್‌ಬುಕ್ ತೆಗೆದು ನೋಡಿದರು. ಬರ್ತೀನಿ ಅಂದರೆ ಬರುತ್ತಾನೆ. ಸರಿ, ಬರಲಿ ಅಂತ ಕೂತರು. ರಾತ್ರಿ 8 ಗಂಟೆ ಆಯಿತು. ಫಿಟ್ಟರ್ ಅಷ್ಟು ಹೊತ್ತಿಗೆ ಟೇಕಲ್ ಸೇರಿ, ಮುದ್ದೆ ಉಂಡು, ಮಲಗೋಕೆ ಚಾಪೆ ಹಾಸಿದ್ದ.

ಮಾರನೇ ದಿನ ಸಾನ್ ನನ್ನ ಹತ್ತಿರ ಬಂದರು. "ಬರ್ತೀನಿ ಅಂದರೆ ಹೋಗ್ತೀನಿ ಅಂತಾನಾ?" ಹೌದು ಅಂದೆ. "ಹಾಗಾದರೆ ನಿಜವಾಗಲೂ ಬರುವವನು ಏನು ಹೇಳುತ್ತಾನೆ?" ಅವನೂ ಬರ್ತೀನಿ ಅಂತಲೇ ಹೇಳುತ್ತಾನೆ ಅಂದೆ. ಅವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

ಹೊರಡುವಾಗ 'ಹೋಗ್ತೀನಿ' ಅನ್ನಬಾರದು ಅಂತ ನಮಗೆ ಶಾಲೆಯಲ್ಲಿ ಪಾಠ ಮಾಡಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಒಮ್ಮೆ ಗದರಿರುತ್ತಾಳೆ, ಅಷ್ಟೇ. ಆಮೇಲೆ ಅದು ನಮಗೆ ಒಂದು ಪದ್ಧತಿ ಅಂತ ಅನ್ನಿಸುವುದೇ ಇಲ್ಲ. ಉಸಿರಾಟದ ಹಾಗೆ ಆಗಿಬಿಡುತ್ತೆ. ಪರದೇಶಕ್ಕೆ ಹೋಗಿ ಮುಗ್ಗರಿಸಿದ ದೊಡ್ಡ ದೊಡ್ಡ ಕಂಪನಿಗಳ ಕಥೆ ಓದುವಾಗಲೆಲ್ಲ ನನಗೆ ಈ ಫಿಟ್ಟರ್ ನೆನಪಾಗುತ್ತಾನೆ. ಆ ಕಂಪನಿಗಳಿಗೆ ಎದುರಿನವರ ಪದ್ಧತಿ ಗೊತ್ತಿರಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ಗೊತ್ತು ಮಾಡಿಕೊಳ್ಳೋದು ಅಂಥ ಕಷ್ಟದ ಕೆಲಸವಲ್ಲ, ಅಲ್ವಾ? ತಮ್ಮದೂ ಒಂದು ಪದ್ಧತಿ ಅಂತ ಅವರಿಗೆ ಹೊಳೆಯಲಿಲ್ಲ. ನನಗೆ ಕಾಣುವುದು ಅದು.

ವಾಲ್‌ಮಾರ್ಟ್ ಹೆಸರು ಕೇಳಿರುತ್ತೀರಿ. ಅಮೆರಿಕದ ಭಾರಿ ಅಂಗಡಿ. 1997ರಲ್ಲಿ ಅದು ಜರ್ಮನಿಗೆ ಹೋಯಿತು. ಅಲ್ಲಿ ನಡೆಯುತ್ತಿದ್ದ ಅಂಗಡಿಗಳ ಒಂದು ಗುಂಪನ್ನೇ ಕೊಂಡಿತು. ಮರುವರ್ಷ ಇನ್ನೊಂದು ಗುಂಪನ್ನು ಕೊಂಡಿತು. ದುಡ್ಡಿಗೆ ಕೊರತೆ ಇರಲಿಲ್ಲ, ವ್ಯಾಪಾರದ ಅನುಭವಕ್ಕಂತೂ ಇರಲೇ ಇಲ್ಲ.

ಅಮೆರಿಕದಲ್ಲಿ ಅವರದೊಂದು ನಿಯಮ. ಗಿರಾಕಿ 10 ಅಡಿ ಹತ್ತಿರ ಬಂದರೆ ಕೆಲಸದವರು ಅವರ ಮುಖ ನೋಡಿ, ನಕ್ಕು, ಮಾತಾಡಿಸಬೇಕು. ಬಾಗಿಲಲ್ಲಿ ಸ್ವಾಗತಕ್ಕೇ ಅಂತ ಒಬ್ಬರು ನಿಂತಿರುತ್ತಿದ್ದರು. ಬಿಲ್ ಆದ ಮೇಲೆ ಸಾಮಾನನ್ನು ಚೀಲಕ್ಕೆ ತುಂಬಿಕೊಡುತ್ತಿದ್ದರು. ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರೂ ಸೇರಿ, ಕಂಪನಿ ಹೆಸರಿನ ಒಂದೊಂದೇ ಅಕ್ಷರ ಕೂಗಿ ಜೈಕಾರ ಹಾಕುತ್ತಿದ್ದರು. ಇದೆಲ್ಲ ಅವರ ಊರಲ್ಲಿ ಚೆನ್ನಾಗಿ ನಡೆದಿತ್ತು. ಒಳ್ಳೆಯ ವ್ಯಾಪಾರ ಅಂದರೆ ಇದೇ ಅಂತ ಅವರು ನಂಬಿದ್ದರು. ಇದು ಬರೀ ಅಮೆರಿಕದ ರೀತಿ ಅಂತ ಅವರಿಗೆ ಅನ್ನಿಸಿರಲೇ ಇಲ್ಲ.

ಜರ್ಮನಿಯಲ್ಲಿ ಗುರುತು ಪರಿಚಯ ಇಲ್ಲದವರು ಸುಮ್ನೆ ಸುಮ್ನೆ ನಕ್ಕರೆ ಜನಕ್ಕೆ ಇರುಸುಮುರುಸು. ಇವಳು ಯಾಕೆ ನನ್ನ ನೋಡಿ ನಗುತ್ತಾಳೆ? ಕೆಲವು ಗಂಡಸರು ಅದನ್ನು ಬೇರೆ ಅರ್ಥದಲ್ಲೇ ತೆಗೆದುಕೊಂಡರಂತೆ! ನಾನು ತಿನ್ನೋ ಸಾಮಾನನ್ನು ಬೇರೆಯವರು ಯಾಕೆ ಮುಟ್ಟಬೇಕು ಅಂತ ಇನ್ನು ಕೆಲವರಿಗೆ ಸಿಟ್ಟು. ಬೆಳಗ್ಗೆ ಎದ್ದು ಕಂಪನಿಗೆ ಜೈ ಅನ್ನೋಕೆ ಕೆಲಸದವರಿಗೆ ನಾಚಿಕೆ. ಇದರ ಮೇಲೆ, ಜೊತೆಯಲ್ಲಿ ದುಡಿಯುವವರು ಪ್ರೀತಿ ಪ್ರೇಮ ಇಟ್ಟುಕೊಳ್ಳಬಾರದು, ಯಾರಾದರೂ ನಿಯಮ ಮೀರಿದರೆ ಫೋನ್ ಮಾಡಿ ತಿಳಿಸಬೇಕು ಅಂತ ಒಂದು ಪುಸ್ತಕ ಅಮೆರಿಕದಿಂದ ಬಂತು. ಗುಪ್ತ ಪೊಲೀಸರು ನೆರೆಹೊರೆಯವರಿಂದಲೇ ಚಾಡಿ ಹೇಳಿಸಿಕೊಂಡ ಕಾಲವನ್ನು ಕಂಡ ದೇಶ ಅದು. ಅಲ್ಲಿ ಹೋಗಿ ಇಂಥ ಮಾತು ಹೇಳೋದಾ? 2005ರಲ್ಲಿ ಕೋರ್ಟು ಆ ನಿಯಮ ನಡೆಯುವುದಿಲ್ಲ ಅಂತು. 2006ರಲ್ಲಿ ವಾಲ್‌ಮಾರ್ಟ್ ತನ್ನ 85 ಅಂಗಡಿಗಳನ್ನು ಅಲ್ಲಿನ ಮೆಟ್ರೋ ಕಂಪನಿಗೆ ಮಾರಿ ಹೊರಟುಹೋಯಿತು. ನಷ್ಟ ಸುಮಾರು 100 ಕೋಟಿ ಡಾಲರ್.

ನಮ್ಮ ದೊಡ್ಡಪೇಟೆಯ ಅಂಗಡಿಗಳನ್ನೇ ನೋಡಿ. ಗಲ್ಲಾದ ಮೇಲೆ ಕೂತವರು ಗಿರಾಕಿ ನೋಡಿ ಹಲ್ಲು ಕಿರಿಯುವುದಿಲ್ಲ. ಲೆಕ್ಕ ಬರೀತಾ ತಲೆ ಎತ್ತದೆ, "ಏನಮ್ಮಾ, ಮೊಮ್ಮಗು ನಡೆಯುತ್ತಾ?" ಅನ್ನುತ್ತಾರೆ. ಆ ಅಮ್ಮ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಬಾಗಿಲಲ್ಲಿ ಒಬ್ಬ ನಿಂತು ಬಂದವರಿಗೆಲ್ಲ ನಗು ಹಂಚಿದ್ದರೆ ನಾವೂ ಪರ್ಸ್ ಮುಟ್ಟಿ ನೋಡಿಕೊಳ್ಳುತ್ತಿದ್ದೆವು, ಅಲ್ವಾ?

ಆದರೆ ಒಂದು ಮಾತು. ವಾಲ್‌ಮಾರ್ಟ್ ಸೋತದ್ದು ನಗುವಿನಿಂದ ಮಾತ್ರ ಅಂದರೆ ಅದು ಕಥೆಯಾಗುತ್ತೆ. ಅಲ್ಲಿ ಆಲ್ಡಿಯಂಥ ಅಂಗಡಿಗಳು ಮೊದಲೇ ಅಗ್ಗಕ್ಕೆ ಮಾರುತ್ತಿದ್ದವು. ಅಸಲಿಗಿಂತ ಕಡಿಮೆ ಬೆಲೆಗೆ ಹಾಲು, ಬೆಣ್ಣೆ ಮಾರಬೇಡಿ ಅಂತ 2000ದಲ್ಲಿ ಅಲ್ಲಿನ ಸರ್ಕಾರದ ಇಲಾಖೆ ತಡೆಯಿತು. ಅಗ್ಗದ ಬೆಲೆಯೇ ಬಂಡವಾಳ ಆಗಿದ್ದವರಿಗೆ ಆ ದಾರಿಯೂ ಮುಚ್ಚಿತು. ಸಂಸ್ಕೃತಿ ಅನ್ನುವ ಮಾತಿನ ಕೆಳಗೆ ಬೇರೆ ಎಷ್ಟೋ ವಿಷಯ ಅಡಗಿ ಕೂರುತ್ತವೆ.

ಇದು ನಮ್ಮ ಜಿಲ್ಲೆಯಲ್ಲೇ ಕಂಡದ್ದು. 2020ರ ಡಿಸೆಂಬರ್ 12ರ ಬೆಳಗ್ಗೆ ನರಸಾಪುರದಲ್ಲಿ, ಐಫೋನ್ ಜೋಡಿಸುವ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಾಟೆಯಾಯಿತು. ಗಾಜು ಒಡೆದರು, ಗಾಡಿ ಸುಟ್ಟರು. ಅದು ತಪ್ಪು ಅನ್ನುವುದರಲ್ಲಿ ಎರಡು ಮಾತಿಲ್ಲ. ಆಗ ಟೀ ಅಂಗಡಿಯಲ್ಲಿ ಕೂತು, "ತೈವಾನಿನವರಿಗೆ ನಮ್ಮ ಜನ ಅರ್ಥ ಆಗಲಿಲ್ಲ, ನಮ್ಮವರಿಗೆ ಅವರ ಶಿಸ್ತು ಅರ್ಥ ಆಗಲಿಲ್ಲ" ಅಂದವರು ಬಹಳ ಜನ. ಕೇಳಲು ಚೆನ್ನಾಗಿತ್ತು. ಆದರೆ ಕೆಲವು ಕೆಲಸಗಾರರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಹೋಗಿಲ್ಲ ಅಂತ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ತಿಂಗಳ ಕೊನೆಗೆ ಸಂಬಳ ಬೇಕು ಅನ್ನುವುದಕ್ಕೆ ಸಂಸ್ಕೃತಿಯ ಹೆಸರು ಯಾಕೆ? ತೈಪೆಯಲ್ಲೂ ಕೋಲಾರದಲ್ಲೂ ಮನೆ ಬಾಡಿಗೆ ಕಟ್ಟಲೇಬೇಕು. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾದವರು ತೆಗೆದುಕೊಂಡರು.

ಹಾಗೆ ನೋಡಿದರೆ ಪರದೇಶದ ಕಂಪನಿ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ 1880ರಲ್ಲೇ ಕೆಜಿಎಫ್‌ಗೆ ಬಂದು ಚಿನ್ನ ತೆಗೆಯಿತು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಆಯಿತು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬರುವವರೆಗೂ ಅವರದೇ ದರ್ಬಾರು. ನಮ್ಮನ್ನು ಅರ್ಥ ಮಾಡಿಕೊಳ್ಳುವ ಅವಸರ ಅವರಿಗೆ ಬಹಳ ಕಾಲ ಬರಲಿಲ್ಲ. ದೇಶ ಆಳುತ್ತಿದ್ದವರು ಅವರ ಕಡೆಯವರೇ.

ನಮ್ಮ ಕಾರ್ಖಾನೆಗೆ ಬರುತ್ತೇನೆ. ಒಂದು ಮೀಟಿಂಗ್ ಹೇಳಲೇಬೇಕು. ಒಂದು ಹೊಸ ಬಿಡಿಭಾಗದ ಮೊದಲ ಲಾಟು 20ನೇ ತಾರೀಕಿಗೆ ಬೇಕಿತ್ತು. ಜಪಾನಿನ ಹಿರಿಯರು ಮೂವರು ಆ ಕಡೆ, ನಮ್ಮವರು ನಾಲ್ವರು ಈ ಕಡೆ. ನಡುವೆ ಇಂಗ್ಲಿಷ್, ಎರಡೂ ಕಡೆ ಅರೆಬರೆ. ನಮ್ಮ ಮ್ಯಾನೇಜರ್, ಅಚ್ಚು ಬರೋದು ತಡ ಆಗುತ್ತೆ, 30ರವರೆಗೆ ಟೈಮ್ ಕೊಡಿ ಅಂದರು. ಅವರು ಪ್ರತಿ ಮಾತಿಗೂ "ಹೈ, ಹೈ" ಅಂದರು. ಆಮೇಲೆ ಅವರು, ಆದರೂ 20ಕ್ಕೆ ಆದರೆ ಬಹಳ ಒಳ್ಳೆಯದು ಅಂದರು. ನಮ್ಮವರು ನಾಲ್ವರೂ ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿ, "ನೋಡೋಣ ಸಾರ್" ಅಂದರು. ಎಲ್ಲರೂ ಎದ್ದರು, ಬಗ್ಗಿ ನಮಸ್ಕರಿಸಿದರು, ಕಾಫಿ ಕುಡಿದರು.

21ನೇ ತಾರೀಕು ರಾದ್ಧಾಂತ. ಎರಡೂ ಕಡೆಯವರು ಹೇಳಿದ್ದು ಒಂದೇ ಮಾತು: "ನೀವು ಒಪ್ಪಿಕೊಂಡಿದ್ದಿರಲ್ಲ!"

ಆಗಿದ್ದು ಇಷ್ಟು. 'ಹೈ' ಅನ್ನುವುದಕ್ಕೆ ಡಿಕ್ಷನರಿಯಲ್ಲಿ ಹೌದು ಅಂತ ಇದೆ. ಆದರೆ ಮಾತಿನ ನಡುವೆ ಬಂದರೆ ಅದು ನಮ್ಮ 'ಹ್ಞೂಂ, ಹೇಳಿ' ಇದ್ದ ಹಾಗೆ. ಕೇಳಿಸಿಕೊಳ್ಳುತ್ತಿದ್ದೇನೆ ಅಂತ ಅಷ್ಟೇ. ಇನ್ನು ನಮ್ಮ 'ನೋಡೋಣ'. ಹೆಣ್ಣು ನೋಡಿ ಬಂದವರು "ನೋಡೋಣ, ತಿಳಿಸ್ತೀವಿ" ಅಂದರೆ ಹೆಣ್ಣಿನ ಮನೆಯವರು ಅವತ್ತೇ ಬೇರೆ ಜಾತಕ ತೆಗೆಯುತ್ತಾರೆ. ಅದರ ಅರ್ಥ ಇಲ್ಲ ಅಂತ ನಮ್ಮ ಮಕ್ಕಳಿಗೂ ಗೊತ್ತು. ಜಪಾನಿನವರು ಅದನ್ನು ಪ್ರಯತ್ನ ಪಡುತ್ತೇವೆ ಅಂತ ತಿಳಿದರು. ತಮಾಷೆ ಏನು ಗೊತ್ತಾ? ಮುಖಕ್ಕೆ ಹೊಡೆದಂತೆ ಇಲ್ಲ ಅನ್ನಬಾರದು ಅನ್ನುವ ವಿಷಯದಲ್ಲಿ ನಾವೂ ಅವರೂ ಒಂದೇ. ಅವರಲ್ಲೂ 'ಸ್ವಲ್ಪ ಕಷ್ಟ' ಅಂದರೆ ಆಗುವುದೇ ಇಲ್ಲ ಅಂತ ಅರ್ಥ. ಎರಡೂ ಕಡೆ ಮರ್ಯಾದಸ್ಥರೇ ಇದ್ದದ್ದರಿಂದ ಲಾಟು ತಡವಾಯಿತು, ದಂಡ ಕಟ್ಟಿದೆವು.

ನಮ್ಮ ದೇಶಕ್ಕೆ ಬಂದು ಎಡವಿದವರಲ್ಲಿ ಕೆಲಾಗ್ಸ್ ಕಥೆ ನಿಮಗೆ ಗೊತ್ತಿರಬಹುದು. 1994ರಲ್ಲಿ ಬಂದರು. ಅವರ ಊರಲ್ಲಿ ಕಾರ್ನ್ ಫ್ಲೇಕ್ಸ್‌ಗೆ ತಣ್ಣನೆ ಹಾಲು. ನಮ್ಮ ಮನೆಗಳಲ್ಲಿ ಹಾಲು ಅಂದರೆ ಕಾಯಿಸಿದ ಹಾಲು, ಅದೂ ಬಿಸಿಬಿಸಿ. ಗರಿಗರಿ ಇರಬೇಕಾದದ್ದು ಒಂದು ನಿಮಿಷದಲ್ಲಿ ಗಂಜಿ. ನಮ್ಮ ಮಂದಿಗೆ ಬೆಳಗ್ಗೆ ಏನಾದರೂ ಖಾರ, ಬಿಸಿ ಬೇಕು. ಅವರು ಪೈಪೋಟಿ ಮಾಡಬೇಕಾಗಿದ್ದು ಬೇರೆ ಕಂಪನಿಯ ಜೊತೆಗಲ್ಲ, ಮನೆಯ ಹೆಂಚಿನ ಜೊತೆ. 1996ರಲ್ಲಿ ಬಂದ ಮೆಕ್‌ಡೊನಾಲ್ಡ್ಸ್‌ನವರು ದನದ ಮಾಂಸ, ಹಂದಿ ಮಾಂಸ ಎರಡನ್ನೂ ಬಿಟ್ಟರು. ಆಲೂಗಡ್ಡೆ ಟಿಕ್ಕಿಯನ್ನು ಬನ್ನಿನ ನಡುವೆ ಇಟ್ಟರು, ಉಳಿದುಕೊಂಡರು.

ಇಂಥ ವಿಷಯದಲ್ಲಿ ಸುಳ್ಳು ಕಥೆಗಳೂ ಜಾಸ್ತಿ. ನಮಗೆ ತರಬೇತಿ ಕೊಡಲು ಬೆಂಗಳೂರಿನಿಂದ ಬಂದವರೊಬ್ಬರು ಶೆವ್ರೊಲೆ ಕಂಪನಿಯ ನೋವಾ ಕಾರಿನ ಕಥೆ ಹೇಳಿದರು. ಸ್ಪ್ಯಾನಿಷ್‌ನಲ್ಲಿ 'ನೋ ವಾ' ಅಂದರೆ 'ಹೋಗಲ್ಲ' ಅಂತ, ಅದಕ್ಕೇ ಮೆಕ್ಸಿಕೋದಲ್ಲಿ ಆ ಕಾರು ಯಾರೂ ಕೊಳ್ಳಲಿಲ್ಲ ಅಂತ. ನಾವೆಲ್ಲ ನಕ್ಕೆವು. ಆಮೇಲೆ ಓದಿದರೆ ಕಾರು ಅಲ್ಲಿ ಚೆನ್ನಾಗೇ ಮಾರಾಟವಾಗಿತ್ತು! ಮೆಕ್ಸಿಕೋದ ಸರ್ಕಾರಿ ಕಂಪನಿಯೇ ನೋವಾ ಅನ್ನುವ ಹೆಸರಿನಲ್ಲಿ ಪೆಟ್ರೋಲ್ ಮಾರುತ್ತಿತ್ತು. ಯೋಚಿಸಿ, ಹಾಗಲಕಾಯಿ ಮಾರುವವನು 'ಹಾಗಲ, ಹಾಗಲ' ಅಂತ ಕೂಗಿದರೆ ನಾವು 'ಹಾಗಲ್ಲದಿದ್ದರೆ ಹೇಗೆ?' ಅಂತ ಕೇಳುತ್ತೇವಾ? ಈ ಕಥೆ ಕಟ್ಟಿದವರು ಸ್ಪ್ಯಾನಿಷ್ ಮಾತಾಡುವ ಒಬ್ಬರನ್ನೂ ಕೇಳಿರಲಿಲ್ಲ ಅಂತ ಕಾಣುತ್ತೆ. ಪರಸ್ಪರ ಅರ್ಥ ಮಾಡಿಕೊಳ್ಳಿ ಅನ್ನುವ ಪಾಠದಲ್ಲೇ ಹೀಗೆ.

ಕೇಳಬೇಕಾದವರು ದೂರ ಇರುವುದಿಲ್ಲ. ಕೋಲಾರದ ಟೊಮೆಟೊ ಮಂಡಿಗೆ ಬೆಳಗ್ಗೆ ಹೋಗಿ ನೋಡಿ. ಒಬ್ಬನೇ ಮನುಷ್ಯ ರೈತನ ಜೊತೆ ತೆಲುಗು, ಕೂಲಿಯ ಜೊತೆ ತಮಿಳು, ಲಾರಿ ಡ್ರೈವರ್ ಜೊತೆ ಉರ್ದು, ನಿಮ್ಮ ಜೊತೆ ಕನ್ನಡ. ದೂರದ ಊರಿಗೆ ಹೋಗುವ ಲಾರಿಗೆ ಈಗಷ್ಟೇ ಬಣ್ಣ ತಿರುಗಿದ ಕಾಯಿ, ಹತ್ತಿರದ ಊರಿಗೆ ಹಣ್ಣು. ಯಾವ ಊರಿನವರು ಹುಳಿ ಕೇಳುತ್ತಾರೆ, ಯಾರು ಗಾತ್ರಕ್ಕೆ ಬೆಲೆ ಕೊಡುತ್ತಾರೆ ಅಂತ ಬಾಯಲ್ಲೇ ಲೆಕ್ಕ. ಅವನನ್ನು ಯಾವ ಕಂಪನಿಯೂ ಮೀಟಿಂಗಿಗೆ ಕರೆದಿದ್ದು ನಾನು ಕಂಡಿಲ್ಲ. ನಮ್ಮ ಕಾರ್ಖಾನೆಯಲ್ಲೂ ಅಷ್ಟೇ. 'ನೋಡೋಣ' ಅಂದರೆ ಏನು ಅಂತ ಗೇಟಿನ ವಾಚ್‌ಮ್ಯಾನ್‌ನನ್ನು ಕೇಳಿದ್ದರೂ ಹೇಳುತ್ತಿದ್ದ.

ಹೂವಿನ ವಿಷಯವೂ ನೋಡಿ. ನಮ್ಮ ಕಡೆ ಸೇವಂತಿಗೆ ಇಲ್ಲದೆ ಹಬ್ಬವಿಲ್ಲ, ಮದುವೆಯ ಚಪ್ಪರವಿಲ್ಲ. ಫ್ರಾನ್ಸಿನಲ್ಲಿ ನವೆಂಬರ್ 1ರ ಸುಮಾರಿಗೆ ಸೇವಂತಿಗೆ ತೆಗೆದುಕೊಂಡು ಹೋಗಿ ಹಿರಿಯರ ಗೋರಿಯ ಮೇಲೆ ಇಡುತ್ತಾರೆ. ಅಲ್ಲಿ ಯಾರಾದರೂ ಊಟಕ್ಕೆ ಕರೆದರೆ ಸೇವಂತಿಗೆ ಕೊಂಡು ಹೋಗಬೇಡಿ. ಜಪಾನಿನಲ್ಲಿ ಅದು ಚಕ್ರವರ್ತಿಯ ಮನೆತನದ ಗುರುತು, ಬಿಳಿಯದು ಮಾತ್ರ ಸಾವಿನ ಮನೆಗೆ. ಇದನ್ನು ನನಗೆ ಹೇಳಿದವರು ನಮ್ಮ ಸಾನ್ ಅವರೇ. ಮೊದಲ ದಿನ ನಾವು ಅವರ ಕೊರಳಿಗೆ ಹಾಕಿದ ಹಾರದಲ್ಲಿ ಅರ್ಧಕ್ಕರ್ಧ ಬಿಳಿ ಸೇವಂತಿಗೆ ಇತ್ತಂತೆ. ಹೇಳಿದ್ದು ಎರಡು ವರ್ಷದ ಮೇಲೆ.

ಅದೇ ಫಿಟ್ಟರ್ ಮಗಳ ಮದುವೆಗೆ ಅವರನ್ನೂ ಕರೆದಿದ್ದರು. ಮುಯ್ಯಿ ಎಷ್ಟು ಹಾಕಬೇಕು ಅಂತ ನನ್ನನ್ನು ಕೇಳಿದರು. 501 ಹಾಕಿ ಸಾರ್ ಅಂದೆ. 500 ಅಲ್ಲ, ಸೊನ್ನೆಯಲ್ಲಿ ಮುಗಿಸಬಾರದು, ಮೇಲೊಂದು ರೂಪಾಯಿ ಇರಬೇಕು ಅಂತ ವಿವರಿಸಿದೆ. ಅವರ ಮುಖ ಅರಳಿತು. ಅವರಲ್ಲೂ ಮದುವೆಗೆ ಸಮಸಂಖ್ಯೆಯಲ್ಲಿ ದುಡ್ಡು ಕೊಡುವುದಿಲ್ಲವಂತೆ, ಎರಡು ಭಾಗವಾಗಿ ಒಡೆಯುತ್ತೆ ಅಂತ. ನೋಟುಗಳೂ ಹೊಸದೇ ಇರಬೇಕು. ಸಾವಿನ ಮನೆಗೆ ಕೊಡುವಾಗ ಮಾತ್ರ ಹಳೆಯ ನೋಟು. ಹೊಸದು ಕೊಟ್ಟರೆ, ಸಾವನ್ನು ಕಾದು ಮೊದಲೇ ಬ್ಯಾಂಕಿಗೆ ಹೋಗಿ ತಂದಿಟ್ಟುಕೊಂಡ ಹಾಗಾಗುತ್ತಂತೆ.

ಮದುವೆಯ ದಿನ ಗರಿಗರಿ ನೋಟು ಹಿಡಿದುಕೊಂಡು ಬಂದರು. ನಾನು ಛತ್ರದ ಎದುರಿನ ಅಂಗಡಿಯಲ್ಲಿ ಒಂದು ರೂಪಾಯಿ ಅಂಟಿಸಿದ ಕವರ್ ಕೊಡಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ಆ ನಾಣ್ಯವನ್ನು ಬಹಳ ಹೊತ್ತು ನೋಡಿದರು. ಸ್ವಲ್ಪ ಮಾಸಿತ್ತು.

"ಇದು ಹಳೆಯದಾದರೆ ಪರವಾಗಿಲ್ಲವಾ?" ಅಂತ ಕೇಳಿದರು.

40 ವರ್ಷದಿಂದ ಮುಯ್ಯಿ ಹಾಕುತ್ತಾ ಬಂದವನು ನಾನು. ಉತ್ತರ ಗೊತ್ತಿರಲಿಲ್ಲ. ಒಳಗೆ ಹೋಗಿ ಫಿಟ್ಟರ್‌ನ ಅಮ್ಮನನ್ನು ಕೇಳಿಕೊಂಡು ಬರೋಣ ಸಾರ್ ಅಂದೆ.

ಬರ್ತೀನಿ. ನಮಸ್ಕಾರ.