ತಲಪರಿಗೆ ಉಪಗ್ರಹಕ್ಕೆ ಕಾಣುವುದಿಲ್ಲ

ಆತ್ಮೀಯ ಅಧ್ಯಾಪಕರೆ, ವಿದ್ಯಾರ್ಥಿಗಳೆ,

ಪರದೆಯ ಮೇಲೆ ಹಸಿರಾಗಿ ಕಾಣುತ್ತಿರುವ ಈ ಪಟ್ಟಿ ಜಯಮಂಗಲಿ ನದಿಯ ಪಾತ್ರ. ಕೊರಟಗೆರೆ ದಾಟಿ ಮಧುಗಿರಿ ತಾಲ್ಲೂಕಿಗೆ ಇಳಿಯುವ ಭಾಗ. ನಮ್ಮ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ತೆಗೆದ ಈ ಉಪಗ್ರಹ ಚಿತ್ರವನ್ನು ಮೊದಲ ಸಲ ತೆರೆದ ದಿನ ಬಹಳ ಸಂತೋಷಪಟ್ಟರು. ಸುತ್ತಲಿನ ಹೊಲಗಳೆಲ್ಲ ಕಂದು, ನದಿ ಮಾತ್ರ ಹಸಿರು. ನಮ್ಮ ಹೊಳೆ ಇನ್ನೂ ಬದುಕಿದೆ ಎಂದುಕೊಂಡರು. ಮರುವಾರ ಅಲ್ಲಿಗೇ ಹೋಗಿ ನಿಂತೆವು. ಹಸಿರೆಲ್ಲ ಬಳ್ಳಾರಿ ಜಾಲಿ. ಮುಳ್ಳು ಸರಿಸಿಕೊಂಡು ಒಳಗೆ ನುಗ್ಗಿದರೆ ಮರಳು ತೆಗೆದ ಗುಂಡಿಗಳು, ಅವುಗಳ ತಳದಲ್ಲಿ ಬಿರುಕುಬಿಟ್ಟ ಜೇಡಿ. ಹಿಂದಿರುಗುವಾಗ ಬಸ್ಸಿನಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

ಹೊಳೆಯನ್ನೂ ತಲಪರಿಗೆ ಎಂಬ ಅದರ ಹಳೆಯ ಒರತೆಗಳನ್ನೂ ನಕ್ಷೆಗೆ ತರುವ ನಮ್ಮ ಕೆಲಸ ನಿಜವಾಗಿ ಶುರುವಾದದ್ದು ಆ ದಿನ.

ದೇವರಾಯನದುರ್ಗವನ್ನು ನೀವೆಲ್ಲ ಹತ್ತಿದ್ದೀರಿ. ಆ ಬೆಟ್ಟಸಾಲಿನ ಒಂದು ಕಡೆಯ ನೀರು ಶಿಂಷೆಯಾಗಿ ತೆಂಕಣಕ್ಕೆ ಹರಿದು, ಮಾರ್ಕೋನಹಳ್ಳಿ ಜಲಾಶಯ ಹಾದು ಕಾವೇರಿಗೆ ಸೇರುತ್ತದೆ. ಇನ್ನೊಂದು ಕಡೆಯದು ಜಯಮಂಗಲಿಯಾಗಿ ಬಡಗಣಕ್ಕೆ ಹೊರಟು ಉತ್ತರ ಪಿನಾಕಿನಿಗೆ ಸೇರಿ, ನೆಲ್ಲೂರಿನ ಕಡೆ ಸಮುದ್ರ ಮುಟ್ಟುತ್ತದೆ. ಈ ಎರಡು ನೀರುಗಳನ್ನು ಬೇರ್ಪಡಿಸುವ ಗೆರೆಯನ್ನು ನಕ್ಷೆಯಲ್ಲಿ ಎಳೆಯುವುದೇ ನಾನು ಕೊಡುವ ಮೊದಲ ಪಾಠ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ಅಳೆದ ಎತ್ತರದ ಮಾಹಿತಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ನಕ್ಷೆ ತಯಾರಿಸುವ ಕ್ಯೂಜಿಐಎಸ್ ಎಂಬ ತಂತ್ರಾಂಶಕ್ಕೂ ಹಣ ಕೊಡಬೇಕಾಗಿಲ್ಲ. ಹಳೆಯ ಕಂಪ್ಯೂಟರಿನಲ್ಲಿಯೂ ಒಂದು ಮಧ್ಯಾಹ್ನದೊಳಗೆ ಜಲಾನಯನದ, ಅಂದರೆ ಒಂದು ನದಿಗೆ ನೀರು ಹರಿದು ಬರುವ ಪ್ರದೇಶದ, ಎಲ್ಲೆ ಮೂಡುತ್ತದೆ.

ಮೂಡಿದ್ದೆಲ್ಲ ಸರಿ ಇರುವುದಿಲ್ಲ. ತಂತ್ರಾಂಶವು ಕೆರೆ ಏರಿಯನ್ನು ದಿಬ್ಬವೆಂದು ತಿಳಿದು ಹಳ್ಳವನ್ನು ಯಾವುದೋ ದಿಕ್ಕಿಗೆ ತಿರುಗಿಸಿಬಿಡುತ್ತದೆ. ಕೋಡಿ ಎಲ್ಲಿದೆ, ಕೋಡಿಬಿದ್ದ ನೀರು ಯಾವ ಕೆರೆಗೆ ಹೋಗುತ್ತದೆ ಎಂಬುದನ್ನು ಊರಿನವರನ್ನು ಕೇಳಿ ತಿದ್ದಬೇಕು. ನಮ್ಮ ಸೀಮೆಯಲ್ಲಿ ನದಿ ಎಂದರೆ ಕೆರೆಗಳ ಸರಪಳಿಯೂ ಹೌದು. ಒಂದು ಕೋಡಿ ತಪ್ಪಿದರೆ ಕೆಳಗಿನ ಊರುಗಳೆಲ್ಲ ತಪ್ಪುತ್ತವೆ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ವಿಷಯಕ್ಕೆ ಬರುತ್ತೇನೆ: ತಲಪರಿಗೆ, ಚಿಕ್ಕದಾಗಿ ಪರಿಗೆ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಕಡೆಯವರಿಗೆ ಈ ಮಾತು ಹೊಸದಲ್ಲ. ಕಲ್ಲುನೆಲದ ಮೇಲೆ ಹಾಸಿದ ಮರಳು ಮಳೆಯ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಹೊಳೆಯಲ್ಲೋ ಅದರ ಅಂಚಿನಲ್ಲೋ ಒರತೆಯ ಬಾಯಿ ಬಿಡಿಸಿ, ಕಲ್ಲು ಕಟ್ಟಿ, ಅಲ್ಲಿಂದ ಕಾಲುವೆ ತೆಗೆದರೆ ನೀರು ತಾನಾಗಿಯೇ ಗದ್ದೆಗೆ ಹರಿಯುತ್ತಿತ್ತು. ಏತ ಬೇಡ, ಕಪಿಲೆ ಬೇಡ, ಪಂಪು ಬೇಡ. ವರ್ಷಕ್ಕೊಮ್ಮೆ ಪಾಲುದಾರರೆಲ್ಲ ಸೇರಿ ಹೂಳು ತೆಗೆಯುತ್ತಿದ್ದರು, ಸರದಿಯಂತೆ ನೀರು ಹಂಚಿಕೊಳ್ಳುತ್ತಿದ್ದರು. ಮರಳು ಲಾರಿ ಹತ್ತಿತು, ಕೊಳವೆಬಾವಿಗಳು ಆಳಕ್ಕೆ ಹೋದವು, ಒರತೆ ನಿಂತಿತು. ಒಂದೆರಡು ತಲೆಮಾರಿನಲ್ಲಿ ಮುಗಿದ ಕಥೆ.

ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ನಾವು ಕಂಡ ಪರಿಗೆಗಳ ಬಾಯಿ ನಾಲ್ಕೈದು ಮಾರು ಮೀರುವುದಿಲ್ಲ, ಅದೂ ಮುಳ್ಳಿನ ಕೆಳಗೆ. ಆಕಾಶದಿಂದ ಅದನ್ನು ಹುಡುಕಲಾಗದು. ನಮಗೆ ಸುಳಿವು ಸಿಕ್ಕಿದ್ದು ಹೊಲಗಳ ಹೆಸರಿನಿಂದ. ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯವರು ಒಣ ಹೊಲವೊಂದನ್ನು ‘ಪರಿಗೆ ಗದ್ದೆ’ ಎಂದು ಏಕೆ ಕರೆಯುತ್ತಾರೆ ಎಂದು ಕೇಳಿದಳು. ರಾಗಿಯೂ ಸರಿಯಾಗಿ ಬೆಳೆಯದ ನೆಲಕ್ಕೆ ಗದ್ದೆ ಎಂಬ ಹೆಸರು! ಅಲ್ಲಿಂದ ಹಳ್ಳದ ಕಡೆಗೆ ನಡೆದಾಗ ಮಣ್ಣಿನಲ್ಲಿ ಹೂತ ಕಲ್ಲುಕಟ್ಟಡದ ಸಾಲು ಕಂಡಿತು. ಆಮೇಲೆ ನಾವು ಹೋದ ಊರುಗಳಲ್ಲೆಲ್ಲ ಮೊದಲು ಕೇಳಿದ್ದು ಹೊಲದ ಹೆಸರುಗಳನ್ನೇ.

ಸಿಕ್ಕ ಪ್ರತಿಯೊಂದು ಒರತೆಯನ್ನೂ ಮೊಬೈಲ್ ಜಿಪಿಎಸ್‌ನಲ್ಲಿ ಗುರುತಿಸುತ್ತೇವೆ. ಬಾಯಿಯ ಅಗಲ, ಕಲ್ಲುಕಟ್ಟಡದ ಸ್ಥಿತಿ, ಕಾಲುವೆಯ ದಿಕ್ಕು, ಕೊನೆಯ ಸಲ ನೀರು ಹರಿದದ್ದು ಯಾವಾಗ ಎಂದು ಊರಿನವರು ಹೇಳಿದ ಮಾತು ಎಲ್ಲವೂ ದಾಖಲಾಗಬೇಕು. ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರಜಾಲ ನಕ್ಷೆಯಲ್ಲಿ ಒರತೆಗೂ ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಕ್ಕೂ ಪ್ರತ್ಯೇಕ ಗುರುತುಗಳಿವೆ. ಹೆಸರನ್ನು ಕನ್ನಡದಲ್ಲಿಯೇ ಬರೆಯಬಹುದು. ದಯವಿಟ್ಟು ಕನ್ನಡದಲ್ಲಿಯೇ ಬರೆಯಿರಿ. ಪರಿಗೆಯನ್ನು ‘ವಾಟರ್ ಪಾಯಿಂಟ್’ ಎಂದು ಬರೆದ ಕ್ಷಣವೇ ಅದರ ಅರ್ಧ ಚರಿತ್ರೆ ಅಳಿಸಿಹೋಗುತ್ತದೆ.

ಇದರಿಂದ ನದಿ ಉಳಿಯುತ್ತದೆಯೇ ಎಂದು ಕೇಳುತ್ತೀರಿ. ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳವಿದೆ, ಪಹಣಿಯಲ್ಲಿ ‘ಬ’ ಖರಾಬು ಎಂದು ಸಾರ್ವಜನಿಕ ನೆಲವಿದೆ. ಸ್ಥಳದಲ್ಲಿ ನೋಡಿದರೆ ಹಳ್ಳವನ್ನು ಸಮ ಮಾಡಿ ಬೇಲಿ ಹಾಕಿರುತ್ತಾರೆ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೇವೆ ಎಂದು ತಿಳಿಯುತ್ತದೆ. ಆದರೆ ಮೊಬೈಲಿನ ಅಳತೆ ಕೆಲವು ಮೀಟರ್ ಆಚೀಚೆ ಆಗುವುದುಂಟು. ಒತ್ತುವರಿಯನ್ನು ನಿರ್ಧರಿಸಬೇಕಾದವರು ಸರ್ಕಾರಿ ಭೂಮಾಪಕರು. ನಮ್ಮ ಕೆಲಸ, ಸರ್ವೆ ನಂಬರು, ದಿನಾಂಕ, ಚಿತ್ರಗಳ ಸಮೇತ ಅಳತೆಗಾಗಿ ತಹಶೀಲ್ದಾರರಿಗೆ ಅರ್ಜಿ ಕೊಡುವುದು. ‘ಹಳ್ಳ ಮುಚ್ಚಿದ್ದಾರೆ’ ಎಂಬ ಒಂದು ಸಾಲಿನ ಅರ್ಜಿಯನ್ನು ಪಕ್ಕಕ್ಕಿಡುವುದು ಸುಲಭ. ನಕ್ಷೆ ಜೊತೆಗಿರುವ ಅರ್ಜಿಗೆ ಉತ್ತರ ಬರೆಯಬೇಕಾಗುತ್ತದೆ.

ಎರಡು ವಿಷಯಗಳಲ್ಲಿ ನಾನು ಬಹಳ ಕಟ್ಟುನಿಟ್ಟು. ಮರಳು ಇನ್ನೂ ದಪ್ಪವಾಗಿ ಉಳಿದಿರುವ ಜಾಗಗಳನ್ನು ಸಾರ್ವಜನಿಕ ನಕ್ಷೆಗೆ ಹಾಕುವುದಿಲ್ಲ; ಅದು ಕಳ್ಳರಿಗೆ ದಾರಿ ತೋರಿಸಿದಂತೆ. ಎರಡನೆಯದು, ಹಳ್ಳದ ಅಂಚಿನಲ್ಲಿ ಎರಡು ಸಾಲು ಜೋಳ ಹಾಕಿಕೊಂಡ ಬಡ ರೈತನ ಮುಂದೆ ಮೊಬೈಲ್ ಹಿಡಿದು ಪೊಲೀಸರಂತೆ ನಿಲ್ಲಬಾರದು. ಆತನ ಅಜ್ಜನೇ ಪರಿಗೆಯ ಹೂಳು ತೆಗೆದಿರಬಹುದು. ಕುಳಿತು ಮಾತನಾಡಿ. ನಮಗೆ ಅತಿ ಹೆಚ್ಚು ಹೊಲದ ಹೆಸರುಗಳನ್ನು ಕೊಟ್ಟವರು ಇಂಥವರೇ.

ಕಳೆದ ಮುಂಗಾರಿಗೆ ಮೊದಲು ಒಂದು ಪರಿಗೆಯ ಬಾಯಿಯನ್ನು ಊರಿನವರೂ ನಮ್ಮ ವಿದ್ಯಾರ್ಥಿಗಳೂ ಸೇರಿ ಬಿಡಿಸಿದರು. ಎರಡು ದೊಡ್ಡ ಮಳೆಯ ನಂತರ ಮೊಳಕಾಲುದ್ದ ನೀರು ನಿಂತಿತು. ಕಾಲುವೆಗೆ ಹರಿಯಲಿಲ್ಲ, ದೀಪಾವಳಿಯ ಹೊತ್ತಿಗೆ ಇಂಗಿತು. ಈಗ ಅಲ್ಲಿ ಒಂದು ಅಳತೆಗೋಲು ನೆಟ್ಟಿದ್ದೇವೆ. ಹದಿನೈದು ದಿನಕ್ಕೊಮ್ಮೆ ಇಬ್ಬರು ವಿದ್ಯಾರ್ಥಿಗಳು ಹೋಗಿ ನೀರಿನ ಮಟ್ಟ ಬರೆದುಕೊಂಡು ಬರುತ್ತಾರೆ. ನಿಮ್ಮ ಊರಿನಲ್ಲಿ ಪರಿಗೆ ಎಂಬ ಹೆಸರಿನ ಹೊಲವಿದ್ದರೆ, ಹೊರಡುವ ಮುನ್ನ ಬಾಗಿಲ ಬಳಿಯ ಪುಸ್ತಕದಲ್ಲಿ ಊರಿನ ಹೆಸರು ಬರೆದು ಹೋಗಿ. ನಾವು ಬರುತ್ತೇವೆ.